ಸ್ಕೇಟಿಂಗ್ ಸ್ಪರ್ಧೆಗೆ ಕನ್ನಡ ಹಾಡು ಹಾಕಿದರೆ ಅಂಕ ಹೋಗುತ್ತಾ?

ಪ್ರಶ್ನೆ: ನಮ್ಮದು ತುಮಕೂರಿನ ಕ್ಯಾತ್ಸಂದ್ರ. ಮಗಳಿಗೆ ಹನ್ನೊಂದು ವರ್ಷ. ಚಕ್ರದ ಸ್ಕೇಟ್ಸ್ ಮೇಲೆ ಆರ್ಟಿಸ್ಟಿಕ್ ಸ್ಕೇಟಿಂಗ್ ಕಲಿಯುತ್ತಿದ್ದಾಳೆ. ಐಸ್ ಮೇಲಿನ ಫಿಗರ್ ಸ್ಕೇಟಿಂಗ್ ನೋಡಲು ಕೂತರೆ ಊಟಕ್ಕೂ ಏಳುವುದಿಲ್ಲ. ಈ ಸಲದ ಸ್ಪರ್ಧೆಗೆ ಕನ್ನಡ ಹಾಡೇ ಬೇಕು ಅಂತ ಹಟ ಹಿಡಿದಿದ್ದಾಳೆ. ಮಾತಿರುವ ಹಾಡು ಹಾಕಿದರೆ, ಅದೂ ಕನ್ನಡದ್ದಾದರೆ, ಅಂಕ ಕಡಿಮೆಯಾಗುತ್ತದೆ ಅಂತ ಜೊತೆಯ ಪಾಲಕರು ಹೇಳುತ್ತಾರೆ. ನಿಜವಾ ಮೇಡಂ? ಹಾಡು ಹೇಗೆ ಆರಿಸಬೇಕು?

ಉತ್ತರ: ಇಲ್ಲಮ್ಮ, ಹಾಡು ಕನ್ನಡದ್ದು ಅನ್ನುವ ಕಾರಣಕ್ಕೆ ಯಾರೂ ಅಂಕ ಕಳೆಯುವುದಿಲ್ಲ. ಅಂಕ ಹೋಗುವುದು ಹಾಡಿನಲ್ಲಿ ಮಗುವಿಗೆ ಉಸಿರಾಡಲು ಜಾಗ ಇಲ್ಲದಾಗ. ನಾನು ತುಮಕೂರಿನಲ್ಲಿ ಪಿಟೀಲು ಪಾಠ ಹೇಳುತ್ತೇನೆ. ಕೆಲವು ವರ್ಷಗಳಿಂದ ಸ್ಕೇಟಿಂಗ್ ಮಕ್ಕಳಿಗೆ ಹಾಡು ಕಟ್ ಮಾಡಿಕೊಡುತ್ತಿದ್ದೇನೆ. ನಿಮ್ಮ ಪ್ರಶ್ನೆಯನ್ನು ತುಂಬಾ ಜನ ಕೇಳಿದ್ದಾರೆ.

ಆ ಪಾಲಕರ ಮಾತು ಸುಮ್ನೆ ಹುಟ್ಟಿದ್ದಲ್ಲ. ಐಸ್ ಮೇಲಿನ ಫಿಗರ್ ಸ್ಕೇಟಿಂಗ್‌ನಲ್ಲಿ ಒಬ್ಬೊಬ್ಬರೇ ಆಡುವವರಿಗೂ ಜೋಡಿಗಳಿಗೂ ಬಹಳ ಕಾಲ ಮಾತಿರುವ ಹಾಡು ಹಾಕಲು ಬಿಡುತ್ತಿರಲಿಲ್ಲ. ಹಾಕಿದರೆ ಅಂಕ ಕಡಿತ. ಜೋಡಿಯಾಗಿ ಐಸ್ ಮೇಲೆ ನೃತ್ಯ ಮಾಡುವ ಐಸ್ ಡ್ಯಾನ್ಸ್‌ನವರಿಗೆ ಮಾತ್ರ 1997–98ರಿಂದ ಒಪ್ಪಿಗೆ ಇತ್ತು. ಉಳಿದವರಿಗೆ ಒಪ್ಪಿಗೆ ಸಿಕ್ಕಿದ್ದು 2014–15ರಲ್ಲಿ. ನಿಯಮ ಹೋಯಿತು, ಅದರ ಭಯ ಮಾತ್ರ ಬಾಯಿಂದ ಬಾಯಿಗೆ ಹಾಗೇ ಉಳಿದಿದೆ.

ನಮ್ಮ ದೇಶದ ಹಾಡು ದೊಡ್ಡ ವೇದಿಕೆಗೆ ಹೊಂದುವುದಿಲ್ಲ ಅನ್ನುವವರಿಗೆ 2010ರ ವ್ಯಾಂಕೂವರ್ ಒಲಿಂಪಿಕ್ಸ್ ನೆನಪಿಸಿ. ಅಮೆರಿಕದ ಮೆರಿಲ್ ಡೇವಿಸ್ ಮತ್ತು ಚಾರ್ಲಿ ವೈಟ್ ಐಸ್ ಡ್ಯಾನ್ಸ್‌ನ ಒಂದು ಸುತ್ತಿಗೆ ಹಿಂದಿ ಸಿನಿಮಾ ಹಾಡುಗಳನ್ನು ಜೋಡಿಸಿಕೊಂಡು ಬಂದರು. ಆ ಒಲಿಂಪಿಕ್ಸ್‌ನಲ್ಲಿ ಅವರಿಗೆ ಬೆಳ್ಳಿ ಪದಕ ಸಿಕ್ಕಿತು. ಹಿಂದಿ ಹಾಡು ಅಲ್ಲಿ ನಡೆದ ಮೇಲೆ ಕನ್ನಡದ ಹಾಡು ಯಾಕೆ ನಡೆಯಬಾರದು?

ಇನ್ನು ಆರಿಸುವ ವಿಷಯ. ಶುರುವಿನಲ್ಲಿ ಒಂದು ಮಗುವಿಗೆ ನಾನೇ ತಪ್ಪು ಹಾಡು ಕೊಟ್ಟಿದ್ದೆ. ಕೇಳಿದರೆ ಕೂತಲ್ಲೇ ಕಾಲು ಕುಣಿಯುವಂಥ ಹಾಡು. ಮೊದಲಿಂದ ಕೊನೆಯವರೆಗೆ ಒಂದೇ ಓಟ. ಅರ್ಧ ಮುಗಿಯುವಷ್ಟರಲ್ಲಿ ಮಗುವಿಗೆ ಏದುಸಿರು ಬಂತು. ಕೊನೆಯ ಸ್ಪಿನ್‌ನಲ್ಲಿ ಬಿದ್ದಳು. ಎದ್ದು ಬಂದು ನನ್ನ ಮುಖ ನೋಡಿದಳು. ಆ ನೋಟ ನಾನು ಮರೆತಿಲ್ಲ. ಹಾಡನ್ನು ನಾನು ಕಿವಿಗೆ ಆರಿಸಿದ್ದೆ, ಅವಳ ಕಾಲಿಗೆ ಆರಿಸಿರಲಿಲ್ಲ.

ಕಾಲಿಗೆ ಆರಿಸುವುದು ಅಂದರೆ ಏನು? ಒಂದು ಜಂಪ್ ನೋಡಿ. ಗಾಳಿಯಲ್ಲಿ ಇರುವುದು ಒಂದು ಸೆಕೆಂಡಿಗಿಂತ ಕಡಿಮೆ. ಆದರೆ ಅದಕ್ಕೆ ಮುಂಚೆ ವೇಗ ಕೂಡಿಸಿಕೊಳ್ಳಬೇಕು, ತಿರುಗಬೇಕು, ಮೈ ಹದಕ್ಕೆ ತಂದುಕೊಳ್ಳಬೇಕು. ಇದಕ್ಕೆ ಹಾಡಿನಲ್ಲಿ ಉದ್ದನೆಯ ಎಳೆತ ಬೇಕು. ಜಂಪ್ ಮುಗಿದು ನೆಲ ಮುಟ್ಟುವಾಗ ತಾಳದ ಗಟ್ಟಿ ಪೆಟ್ಟು ಬಿದ್ದರೆ ನೋಡುವವರ ಮೈ ಜುಮ್ಮೆನ್ನುತ್ತದೆ. ನೆಗೆಯುವಾಗ ಅಲ್ಲ, ಇಳಿಯುವಾಗ. ಇದನ್ನು ತುಂಬಾ ಜನ ಉಲ್ಟಾ ಮಾಡುತ್ತಾರೆ. ಪಾದದ ಕೆಲಸ ಜಾಸ್ತಿ ಇರುವ ಸ್ಟೆಪ್‌ಗಳಿಗೆ ಬಿಡಿಬಿಡಿಯಾಗಿ ಕೇಳುವ ಪೆಟ್ಟು ಬೇಕು. ಸ್ಪಿನ್‌ಗೆ ಸ್ವರ ಮೇಲೇರುತ್ತಾ ಹೋಗುವ ಭಾಗ ಚೆಂದ. ನಡುವೆ ಎಲ್ಲೋ ಒಂದು ಕಡೆ ಹಾಡು ತಣ್ಣಗಾಗಬೇಕು. ಮಗು ಕೈ ಚಾಚಿ ಸುಮ್ನೆ ಜಾರಿಕೊಂಡು ಹೋಗುವ ಆರೇಳು ಸೆಕೆಂಡಿನಲ್ಲೇ ಅವಳಿಗೆ ಉಸಿರು ವಾಪಸ್ ಬರುತ್ತದೆ. ಒಂದು ಎಚ್ಚರಿಕೆ. ಐಸ್ ಮೇಲೆ ಒಮ್ಮೆ ತಳ್ಳಿದರೆ ತುಂಬಾ ದೂರ ಜಾರಬಹುದು, ಚಕ್ರದ ಮೇಲೆ ವೇಗ ಬೇಗ ಇಳಿಯುತ್ತದೆ. ಐಸ್‌ನವರ ತೀರಾ ನಿಧಾನದ ಮ್ಯೂಸಿಕ್ ಕಂಡು ಮೆಚ್ಚಿ ಅದನ್ನೇ ತಂದರೆ ನಮ್ಮ ಮಕ್ಕಳು ನಡುವೆ ನಡುವೆ ತಳ್ಳುತ್ತಲೇ ಇರಬೇಕಾಗುತ್ತದೆ.

ಇಷ್ಟೆಲ್ಲಾ ಯಾಕೆ ಅಂದರೆ, ಅಂಕ ಬರೀ ಜಂಪ್‌ಗೆ ಇಲ್ಲ. ಐಸ್‌ನಲ್ಲಿ ಜಂಪ್, ಸ್ಪಿನ್‌ಗಳ ಅಂಕದ ಜೊತೆಗೆ ಸಂಯೋಜನೆ, ಪ್ರಸ್ತುತಿ, ಸ್ಕೇಟಿಂಗ್ ಕೌಶಲ ಅಂತ ಮೂರು ಅಂಶಗಳಿಗೆ ಬೇರೆ ಅಂಕ ಇದೆ. ಮೈ ಮತ್ತು ಹಾಡು ಕೂಡಿ ಹೋಗುತ್ತಿವೆಯಾ ಅಂತ ತೀರ್ಪುಗಾರರು ನೋಡುವುದು ಅಲ್ಲಿ.

ಹಾಗಾದರೆ ಕನ್ನಡದಲ್ಲಿ ಎಲ್ಲಿ ಹುಡುಕಬೇಕು? ಈಗಿನ ಸಿನಿಮಾ ಹಾಡನ್ನೇ ಮೊದಲು ನೋಡಬೇಡಿ. ಅದರಲ್ಲಿ ಎಷ್ಟೋ ಹಾಡು ಒಂದೇ ವೇಗದಲ್ಲಿ ಸಾಗುತ್ತವೆ. ನಮ್ಮ ಜಿಲ್ಲೆಯಲ್ಲೇ ಎಂಥ ಸಂಪತ್ತು ಇದೆ! 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿಯ ಜಿಲ್ಲೆ ನಮ್ಮದು. ಕಂಪನಿ ನಾಟಕದ ರಂಗಗೀತೆ ಕೇಳಿ. ಮೊದಲು ತಾಳವಿಲ್ಲದೆ ಎಳೆದು ಹಾಡುವ ಕಂದ ಪದ್ಯ, ಆಮೇಲೆ ಹಾರ್ಮೋನಿಯಂ ತಬಲದ ಜೊತೆ ಓಡುವ ಹಾಡು. ಸ್ಕೇಟಿಂಗ್‌ಗೆ ಬೇಕಾದ ಏರಿಳಿತ ತಾನಾಗಿ ಕೂತಿದೆ. ಗ್ರಾಮದೇವತೆಯ ಹಬ್ಬದಲ್ಲಿ ಮುಖವಾಡ ಹೊತ್ತು ಆಡುವ ಸೋಮನ ಕುಣಿತಕ್ಕೆ ಬಾರಿಸುವ ಅರೆ ಅನ್ನುವ ಚರ್ಮವಾದ್ಯ ಸ್ಟೆಪ್‌ಗಳಿಗೆ ಹೇಳಿ ಮಾಡಿಸಿದಂತೆ ಇರುತ್ತದೆ. ತಮಟೆಯೂ ಹಾಗೇ. ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಿದ್ದು ತಮಟೆಗೇ ಅಲ್ವಾ? ಕರ್ನಾಟಕ ಸಂಗೀತದಲ್ಲಾದರೆ ನನಗೆ ತಿಲ್ಲಾನ ಇಷ್ಟ. ಬಹುಪಾಲು ತಕಿಟ, ಧೀಂ ಥರದ ಜತಿ ಸೊಲ್ಲುಗಳೇ ಇರುತ್ತವೆ, ಅರ್ಥದ ಹಂಗು ಕಡಿಮೆ, ಪಾದಕ್ಕೆ ಕೆಲಸ ಜಾಸ್ತಿ.

ಮಾತಿರುವ ಹಾಡಾದರೆ ಸಾಲು ಸಾಲು ಓದಿ ನೋಡಿ. ಇಲ್ಲಿ ಕೂತಿರುವವರಿಗೆಲ್ಲ ಕನ್ನಡ ಅರ್ಥವಾಗುತ್ತದೆ. ಹನ್ನೊಂದು ವರ್ಷದ ಹುಡುಗಿಗೆ ವಿರಹದ ಹಾಡು ನನಗಂತೂ ಹಿಡಿಸುವುದಿಲ್ಲ. ಸ್ಪರ್ಧೆ ಬೇರೆ ರಾಜ್ಯದಲ್ಲಾದರೆ ಮಾತು ಯಾರಿಗೂ ತಿಳಿಯದು, ಆಗ ರಾಗವೇ ಕಥೆ ಹೇಳಬೇಕು. ದೇವರ ನಾಮ ಹಾಕುವ ಆಸೆ ಇದ್ದರೆ ಮನೆಯಲ್ಲಿ ಅಜ್ಜಿಯನ್ನು ಒಂದು ಮಾತು ಕೇಳಿ. ಭರತನಾಟ್ಯ ಬರಿಗಾಲಲ್ಲಿ ಆಡುತ್ತಾರೆ, ಇದು ಶೂ ಹಾಕಿಕೊಂಡು ಆಡುವುದು. ಕೆಲವರಿಗೆ ಮನಸ್ಸು ಒಪ್ಪುವುದಿಲ್ಲ. ಮಗು ರಿಂಕ್‌ಗೆ ಇಳಿಯುವಾಗ ಮನೆಯವರೆಲ್ಲ ಖುಷಿಯಾಗಿರಬೇಕು.

ಉದ್ದದ ವಿಷಯದಲ್ಲಿ ಕಟ್ಟುನಿಟ್ಟು. ಐಸ್‌ನಲ್ಲಿ ಹಿರಿಯರ ಮೊದಲ ಸುತ್ತು, ಅಂದರೆ ಶಾರ್ಟ್ ಪ್ರೋಗ್ರಾಂ, 2 ನಿಮಿಷ 40 ಸೆಕೆಂಡ್; ಎರಡನೇ ಸುತ್ತು, ಅಂದರೆ ಫ್ರೀ ಸ್ಕೇಟಿಂಗ್, 4 ನಿಮಿಷ. ಹೆಚ್ಚು ಕಡಿಮೆ 10 ಸೆಕೆಂಡ್ ಬಿಡುತ್ತಾರೆ, ಅದನ್ನು ದಾಟಿದರೆ ಅಂಕ ಹೋಗುತ್ತದೆ. ಮಕ್ಕಳಿಗೆ ವಯಸ್ಸಿನ ಪ್ರಕಾರ ಬೇರೆ ಅಳತೆ. ನಿಮ್ಮ ಸ್ಪರ್ಧೆಯ ಸುತ್ತೋಲೆ ಓದಿ, ಆಮೇಲೆ ಹಾಡಿಗೆ ಕತ್ತರಿ ಹಾಕಿ. ಇಲ್ಲೊಂದು ಚೆಂದದ ಸಂಗತಿ ಇದೆ. 1984ರ ಸರಾಯೆವೊ ಒಲಿಂಪಿಕ್ಸ್‌ಗೆ ಬ್ರಿಟನ್ನಿನ ಟಾರ್ವಿಲ್ ಮತ್ತು ಡೀನ್ ಜೋಡಿ ಫ್ರಾನ್ಸಿನ ಸಂಗೀತಗಾರ ರಾವೆಲ್‌ನ ಬೊಲೆರೊ ಆರಿಸಿಕೊಂಡಿತು. ಕಾಲು ಗಂಟೆ ಓಡುವ ಸಂಗೀತ ಅದು. ಎಷ್ಟು ಕತ್ತರಿಸಿದರೂ ಮಿತಿಗಿಂತ ಕೆಲವು ಸೆಕೆಂಡ್ ಜಾಸ್ತಿ. ಆಗಿನ ನಿಯಮದಲ್ಲಿ ಸಮಯ ಎಣಿಸುವುದು ಸ್ಕೇಟಿನ ಅಲಗು ಐಸ್ ಮುಟ್ಟಿದ ಮೇಲೆ. ಅದಕ್ಕೇ ಅವರು ಮೊಣಕಾಲೂರಿ ಮೈ ತೂಗುತ್ತಾ ಶುರು ಮಾಡಿದರು. ಚಿನ್ನ ಗೆದ್ದರು. ಸಂಗೀತವನ್ನು ಕಡಿದು ಹಾಳು ಮಾಡದೆ ತಮ್ಮನ್ನೇ ಅದಕ್ಕೆ ಹೊಂದಿಸಿಕೊಂಡಿದ್ದು ನೋಡಿ!

ಕತ್ತರಿಸುವಾಗ ತಾಳದ ಆವರ್ತನ ಮುಗಿದ ಕಡೆ ಕತ್ತರಿಸಿ. ಆದಿತಾಳವಾದರೆ ಎಂಟು ಎಣಿಕೆ ಪೂರ್ತಿಯಾಗಲಿ. ಎರಡು ತುಣುಕು ಸೇರಿಸುವುದಾದರೆ ಶ್ರುತಿ ಒಂದೇ ಇರಲಿ. ಕೊನೆಯಲ್ಲಿ ಸದ್ದು ಮೆಲ್ಲಗೆ ಕರಗಿ ಹೋಗುವಂತೆ ಮಾಡಬೇಡಿ. ಮಗು ಎಲ್ಲಿ ನಿಲ್ಲಬೇಕು ಅಂತ ಅವಳಿಗೂ ಗೊತ್ತಾಗುವುದಿಲ್ಲ, ನೋಡುವವರಿಗೂ ಗೊತ್ತಾಗುವುದಿಲ್ಲ.

ಹಕ್ಕಿನ ಮಾತನ್ನೂ ಹೇಳಿಬಿಡುತ್ತೇನೆ. ಪುರಂದರದಾಸರ ಕೀರ್ತನೆ ಎಲ್ಲರ ಸ್ವತ್ತು. ಆದರೆ ಯಾರೋ ಹಾಡಿ ಬಿಡುಗಡೆ ಮಾಡಿದ ರೆಕಾರ್ಡಿಂಗ್ ಅವರದ್ದು. ನಮ್ಮ ಕಾನೂನಿನಲ್ಲಿ ರೆಕಾರ್ಡಿಂಗ್‌ಗೆ 60 ವರ್ಷ ಹಕ್ಕು ಇರುತ್ತದೆ. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಬಳಸಿದ ಹಾಡಿಗೆ ಅಮೆರಿಕದ ಒಂದು ಜೋಡಿಯ ಮೇಲೆ ಸಂಗೀತಗಾರರು ಕೇಸ್ ಹಾಕಿದ್ದರು. ಸುಲಭದ ದಾರಿ ಅಂದರೆ ನಿಮ್ಮೂರಿನ ಸಂಗೀತದ ಮೇಷ್ಟರ ಹತ್ತಿರ ಹೊಸದಾಗಿ ನುಡಿಸಿಕೊಳ್ಳಿ. ಎಲ್ಲಿ ನಿಧಾನ ಬೇಕು, ಎಲ್ಲಿ ಪೆಟ್ಟು ಬೇಕು ಅಂತ ಹೇಳಿ ನುಡಿಸಿಕೊಳ್ಳಬಹುದು. ಕತ್ತರಿಯ ಕೆಲಸವೇ ಬರುವುದಿಲ್ಲ.

ಈಗ ಒಂದು ಕೆಲಸ ಮಾಡಿ. ಮಗಳ ಇಷ್ಟದ ಮೂರು ಹಾಡು ಫೋನಿಗೆ ಹಾಕಿಕೊಳ್ಳಿ. ಬೆಳಿಗ್ಗೆ ಅಮಾನಿಕೆರೆ ಹತ್ತಿರ ಕರೆದುಕೊಂಡು ಹೋಗಿ, ಸ್ಕೇಟ್ಸ್ ಬೇಡ. ಒಂದೊಂದೇ ಹಾಡು ಹಾಕಿ ಅವಳನ್ನು ನಡೆಯಲು ಬಿಡಿ, ಕೈ ಆಡಿಸಲು ಬಿಡಿ. ಏನೂ ಹೇಳಿಕೊಡಬೇಡಿ. ಯಾವ ಹಾಡಿಗೆ ಅವಳು ತಾನಾಗಿ ನಿಧಾನವಾಗುತ್ತಾಳೆ, ತಾನಾಗಿ ತಿರುಗುತ್ತಾಳೆ ಅಂತ ನೋಡಿಕೊಂಡು ನನಗೆ ಬರೆಯಿರಿ.