ಫ್ರೀ ಆಟದ ಮೇಲೆ ಇಷ್ಟೊಂದು ಸಿಟ್ಟು ಯಾಕೆ? ಓವರ್‌ವಾಚ್ 2ರ ಹಿಂದಿನ ಕಥೆ

2023ರ ಆಗಸ್ಟ್ 10ರಂದು ಓವರ್‌ವಾಚ್ 2 ಅನ್ನುವ ಕಂಪ್ಯೂಟರ್ ಆಟ ಸ್ಟೀಮ್‌ಗೆ, ಅಂದರೆ ಆಟಗಳ ಆನ್‌ಲೈನ್ ಅಂಗಡಿಗೆ, ಬಂತು. ದುಡ್ಡು ಕೊಡಬೇಕಿಲ್ಲ, ಇಳಿಸಿಕೊಂಡು ಆಡಿದರಾಯಿತು. ಆದರೂ ಕೆಲವೇ ದಿನಗಳಲ್ಲಿ ಸ್ಟೀಮ್‌ನಲ್ಲೇ ಅತಿ ಕೆಟ್ಟ ಅಭಿಪ್ರಾಯ ಪಡೆದ ಆಟ ಅನ್ನುವ ಹೆಸರು ಅದಕ್ಕೆ ಅಂಟಿತು. ಬರೆದವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಜನ ಬೇಡ ಅಂದಿದ್ದರು.

ಬದಿಯಡ್ಕದಲ್ಲಿರುವ ನನ್ನ ಚಿಕ್ಕಮ್ಮನ ಮಗ ಮೊನ್ನೆ ಇದನ್ನೇ ಹಿಡಿದು ಕೇಳಿದ. "ಫ್ರೀ ಆಟ ಅಲ್ವಾ ಅಣ್ಣ, ಇಷ್ಟ ಇಲ್ಲದಿದ್ರೆ ಬಿಟ್ರಾಯ್ತು. ಸಿಟ್ಟು ಯಾಕೆ?" ಅವನು ಹತ್ತನೇ ಕ್ಲಾಸು. ಮೊದಲನೇ ಓವರ್‌ವಾಚ್ ನೋಡಿದವನಲ್ಲ. ಈಗ ನೋಡಬೇಕೆಂದರೂ ಆಗುವುದಿಲ್ಲ. ಅವನ ಪ್ರಶ್ನೆಗೆ ಉತ್ತರ ಅಲ್ಲೇ ಇದೆ, ಆದರೆ ಅದು ಅರ್ಥ ಆಗಬೇಕಾದರೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ಈ ಜಾತಿಯ ಆಟದಲ್ಲಿ ಎಲ್ಲರ ಕೈಯಲ್ಲೂ ಒಂದೇ ಬಂದೂಕು ಇರುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಒಬ್ಬ ಮುಂದೆ ನಿಂತು ಏಟು ತಿನ್ನಬೇಕು, ಅವನು ಟ್ಯಾಂಕ್. ಒಬ್ಬ ಹೊಡೆಯಬೇಕು, ಅವನು ಡ್ಯಾಮೇಜ್. ಒಬ್ಬ ಗಾಯ ವಾಸಿ ಮಾಡಬೇಕು, ಅವನು ಸಪೋರ್ಟ್. ಇದರ ಬೇರು 1996ರಲ್ಲಿದೆ. ಆಸ್ಟ್ರೇಲಿಯಾದ ಮೂವರು ಹುಡುಗರು ಕ್ವೇಕ್ ಆಟದ ಮೇಲೆ ಟೀಮ್ ಫೋರ್ಟ್ರೆಸ್ ಅನ್ನುವ ಮಾಡ್, ಅಂದರೆ ಇದ್ದ ಆಟವನ್ನೇ ತಿದ್ದಿ ಮಾಡಿದ ಆಟ, ಕಟ್ಟಿದರು. ಆಮೇಲೆ ವಾಲ್ವ್ ಕಂಪನಿ ಅವರನ್ನು ಕೆಲಸಕ್ಕೆ ಕರೆಸಿಕೊಂಡಿತು. 2007ರ ಅಕ್ಟೋಬರಿನಲ್ಲಿ ಟೀಮ್ ಫೋರ್ಟ್ರೆಸ್ 2 ಬಂತು. ಅದರಲ್ಲಿ ಒಂಬತ್ತು ಪಾತ್ರಗಳು. ಮುಖ ಕಾಣದಷ್ಟು ದೂರದಲ್ಲಿದ್ದರೂ ಬರೀ ಆಕಾರ ನೋಡಿಯೇ ಬಂದದ್ದು ಯಾರು ಅಂತ ತಿಳಿಯಬೇಕು, ಹಾಗೆ ಬಿಡಿಸಿದ್ದರು. ಇದನ್ನು ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಯಕ್ಷಗಾನದ ಪಾರ್ತಿಸುಬ್ಬನ ಊರಿನವರು ನಾವು. ತೆಂಕುತಿಟ್ಟಿನ ಆಟದಲ್ಲಿ ಗದ್ದೆಯ ಆ ಕಡೆ ಬದುವಿನ ಮೇಲೆ ನಿಂತು ನೋಡಿದರೂ ಇದು ಬಣ್ಣದ ವೇಷ, ಇದು ಪುಂಡುವೇಷ, ಇದು ಸ್ತ್ರೀವೇಷ ಅಂತ ಗೊತ್ತಾಗುತ್ತದೆ ಅಲ್ವಾ, ಅದೇ.

ಇನ್ನೊಂದು ಕಡೆ ಬ್ಲಿಝಾರ್ಡ್ ಕಂಪನಿ ಟೈಟನ್ ಅನ್ನುವ ದೊಡ್ಡ ಆಟಕ್ಕೆ ಏಳು ವರ್ಷದಷ್ಟು ದುಡಿದು, 2014ರಲ್ಲಿ ಅದನ್ನು ಕೈಬಿಟ್ಟಿತು. ಅದರಲ್ಲಿ ಉಳಿದ ಜನರು, ಉಳಿದ ಚಿತ್ರಗಳು, ಉಳಿದ ಯೋಚನೆಗಳನ್ನು ಸೇರಿಸಿ ಹುಟ್ಟಿದ್ದು ಓವರ್‌ವಾಚ್. 2016ರ ಮೇ 24ಕ್ಕೆ ಬಿಡುಗಡೆ. ಆರು ಜನ ಈ ಕಡೆ, ಆರು ಜನ ಆ ಕಡೆ. ಪಾತ್ರಗಳು 21. ಅದರಲ್ಲಿ ಸಿಮೆಟ್ರಾ ಅನ್ನುವವಳು ಹೈದರಾಬಾದಿನ ಹುಡುಗಿ, ಹೆಸರು ಸತ್ಯಾ ವಾಸ್ವಾನಿ. ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟ ಪ್ರಶಸ್ತಿಯೂ ಅದಕ್ಕೇ ಬಂತು.

ಬೆಲೆ ಅಮೆರಿಕದಲ್ಲಿ 40 ಡಾಲರ್. ಆಗಿನ ಲೆಕ್ಕದಲ್ಲಿ ಎರಡೂವರೆ ಸಾವಿರ ರೂಪಾಯಿಗೂ ಜಾಸ್ತಿ. ಕಾಸರಗೋಡಿನ ಕಾಲೇಜು ಹುಡುಗರಿಗೆ ಅದು ಸಣ್ಣ ದುಡ್ಡಲ್ಲ. ವಿಷುವಿಗೆ ಸಿಕ್ಕ ಕೈನೀಟ ಕೂಡಿಟ್ಟು, ಅಡಕೆ ಸುಲಿದ ಕೂಲಿ ಸೇರಿಸಿ ಕೊಂಡವರು ನಮ್ಮಲ್ಲಿ ಇದ್ದರು. ಆದರೆ ಒಮ್ಮೆ ಕೊಟ್ಟರೆ ಮುಗಿಯಿತು. ಹೊಸ ಪಾತ್ರ ಬಂದಾಗಲೆಲ್ಲ ಎಲ್ಲರಿಗೂ ಸುಮ್ನೆ ಸಿಗುತ್ತಿತ್ತು. ಲೂಟ್ ಬಾಕ್ಸ್ ಅಂತ ಒಂದಿತ್ತು, ಒಳಗೇನಿದೆ ಅಂತ ಗೊತ್ತಿಲ್ಲದೆ ತೆರೆಯುವ ಅದೃಷ್ಟದ ಪೆಟ್ಟಿಗೆ. ಅದಕ್ಕೆ ಬೈದವರೂ ಜಾಸ್ತಿ ಇದ್ದರು, ಬೈದದ್ದು ಸರಿಯೂ ಹೌದು. ಆದರೆ ಅದರೊಳಗೆ ಇದ್ದದ್ದು ಬಟ್ಟೆ, ಬಣ್ಣ, ಮಾತು, ಇಷ್ಟೇ. ಆಡಿದರೆ ಸಾಕು, ಪೆಟ್ಟಿಗೆ ಬರುತ್ತಿತ್ತು.

ನಮ್ಮದೂ ಆರು ಜನರ ಗುಂಪು. ಕುಂಬಳೆಯ ಇಬ್ಬರು, ಮಂಜೇಶ್ವರ, ನೀರ್ಚಾಲು, ಪೆರ್ಲದವರು ಒಬ್ಬೊಬ್ಬರು, ಉಪ್ಪಳದ ಒಬ್ಬ ಬ್ಯಾರಿ ಹುಡುಗ. ಸಿಂಗಾಪುರದ ಸರ್ವರ್‌ನಲ್ಲಿ ಆಟ, ಹೆಡ್‌ಫೋನಿನಲ್ಲಿ ಕನ್ನಡ, ತುಳು, ಮಲಯಾಳ ಎಲ್ಲ ಕಲಸಿದ ಮಾತು. ಟ್ಯಾಂಕ್ ಮುಂದೆ ಹೋಗಿ ಸಿಕ್ಕಿಬಿದ್ದರೆ "ಪಿರ ಬಲೆ, ಪಿರ ಬಲೆ" ಅಂತ ಕೂಗು, ಅಂದರೆ ತುಳುವಿನಲ್ಲಿ ಹಿಂದೆ ಬನ್ನಿ. ಹಿಂದೆ ಇದ್ದವನಿಗೆ "ಹೀಲ್ ಕೊರ್ಲ ಮಾರಾಯ", ಗಾಯ ವಾಸಿ ಮಾಡು ಅಂತ. ನೀರ್ಚಾಲಿನವನು ಯಾವಾಗಲೂ ರೈನ್‌ಹಾರ್ಟ್. ದೊಡ್ಡ ಸುತ್ತಿಗೆ ಹಿಡಿದ ಮುದುಕ ಸೈನಿಕ ಅದು. ಮೌಸಿನ ಬಲಗುಂಡಿ ಒತ್ತಿ ಹಿಡಿದರೆ ಮುಂದೆ ನೀಲಿ ಗಾಜಿನ ಹಾಗೆ ಅಗಲವಾದ ಗುರಾಣಿ ಏಳುತ್ತದೆ, ಉಳಿದ ಐದು ಜನ ಅದರ ಹಿಂದೆ. ಗುರಾಣಿ ಎತ್ತಿದಷ್ಟು ಹೊತ್ತು ಅವನು ಯಾರಿಗೂ ಹೊಡೆಯುವ ಹಾಗಿಲ್ಲ. ಗುಂಡು ಬಿದ್ದ ಹಾಗೆ ಬಿರುಕು ಹರಡುತ್ತಾ ಹೋಗುತ್ತದೆ. ಅದು ಒಡೆಯುವ ಮೊದಲು ಇಳಿಸಬೇಕು, ಇಳಿಸಿದ ಕ್ಷಣ ಪಕ್ಕದಲ್ಲಿ ಎರಡನೇ ಟ್ಯಾಂಕ್ ಜಾರ್ಯಾ ತನ್ನ ರಕ್ಷಣೆಯ ಗುಳ್ಳೆ ಹಾಕಬೇಕು. ಈ ಇಬ್ಬರ ನಡುವಿನ ಲೆಕ್ಕ ಕೂಡಿಬಂದರೆ ಆಟ ಗೆದ್ದ ಹಾಗೇ. ಚೆಂಡೆಯವನೂ ಮದ್ದಳೆಯವನೂ ಕಣ್ಣಲ್ಲೇ ಮಾತಾಡಿಕೊಳ್ಳುತ್ತಾರಲ್ಲ, ಹಾಗೆ. ಮುಂದೆ ಜಗಳ ಆದದ್ದು ಇದೇ ಎರಡನೇ ಟ್ಯಾಂಕಿನ ಬಗ್ಗೆ.

ಮೊದಲ ಆಟದಲ್ಲಿ ತೊಂದರೆ ಇರಲಿಲ್ಲ ಅಂತಲ್ಲ. 2018ರ ಹೊತ್ತಿಗೆ ಗೋಟ್ಸ್ ಅನ್ನುವ ಪಟ್ಟು ಶುರುವಾಯಿತು, ಮೂರು ಟ್ಯಾಂಕ್, ಮೂರು ಸಪೋರ್ಟ್, ಹೊಡೆಯುವವರೇ ಇಲ್ಲ. ನೋಡಲಿಕ್ಕೂ ಬೇಜಾರು, ಆಡಲಿಕ್ಕೂ ಬೇಜಾರು. 2019ರಲ್ಲಿ ಕಂಪನಿ ಇಬ್ಬರು ಟ್ಯಾಂಕ್, ಇಬ್ಬರು ಡ್ಯಾಮೇಜ್, ಇಬ್ಬರು ಸಪೋರ್ಟ್ ಅಂತ ಕಟ್ಟಿ ಹಾಕಿತು. ಅದರಿಂದ ಇನ್ನೊಂದು ತೊಡಕು. ಟ್ಯಾಂಕ್ ಆಡುವವರು ಕಮ್ಮಿ, ಡ್ಯಾಮೇಜ್ ಆಡುವವರು ಜಾಸ್ತಿ, ಹಾಗಾಗಿ ಹೊಡೆಯುವ ಆಸೆ ಇದ್ದವರು ಆಟ ಸಿಗಲಿಕ್ಕೆ ತುಂಬಾ ಹೊತ್ತು ಕಾಯಬೇಕಾಯಿತು.

ಈ ಹೊತ್ತಿಗೇ, 2019ರ ನವೆಂಬರ್ 1ರಂದು, ಓವರ್‌ವಾಚ್ 2 ಬರುತ್ತದೆ ಅಂತ ಹೇಳಿದರು. ಹೆಸರಿನಲ್ಲಿ ಆ 2 ಯಾಕೆ ಅನ್ನುವುದಕ್ಕೆ ಅವರೇ ಕೊಟ್ಟ ಕಾರಣ ಕಥೆಯ ಆಟ. ಗೆಳೆಯರೆಲ್ಲ ಒಂದೇ ಕಡೆ ಸೇರಿ ಕಂಪ್ಯೂಟರ್ ನಡೆಸುವ ಶತ್ರುಗಳ ಜೊತೆ ಹೋರಾಡುವುದು. ಹೀರೋ ಮಿಷನ್ ಅಂತ ಇನ್ನೊಂದು ಭಾಗ, ಅದರಲ್ಲಿ ಆಡಿದಷ್ಟೂ ಪಾತ್ರ ಬೆಳೆಯುತ್ತದೆ, ಹೊಸ ವಿದ್ಯೆ ಕಲಿಯುತ್ತದೆ. ಇದಲ್ಲದೆ ಹಳೆ ಆಟ ಇದ್ದವರನ್ನು ಬಿಟ್ಟು ಹೋಗುವುದಿಲ್ಲ, ಹೊಸ ಮ್ಯಾಪ್ (ಆಟ ನಡೆಯುವ ಜಾಗ), ಹೊಸ ಪಾತ್ರ ಅವರಿಗೂ ಸಿಗುತ್ತದೆ ಅಂತಲೂ ಹೇಳಿದ್ದರು. ಆ ಮಾತು ಕೇಳಿ ಎಲ್ಲರಿಗೂ ಖುಷಿಯಾಗಿತ್ತು.

ಆಮೇಲೆ ಬಂದದ್ದು ಬರಗಾಲ. 2020ರ ಏಪ್ರಿಲ್‌ನಲ್ಲಿ ಎಕೋ ಅನ್ನುವ ಪಾತ್ರ ಬಂತು, 32ನೆಯದು. ಅಲ್ಲಿಂದ ಎರಡೂವರೆ ವರ್ಷ ಒಂದೇ ಒಂದು ಹೊಸ ಪಾತ್ರ ಬರಲಿಲ್ಲ. ನಮಗೆ ಅದು ಲಾಕ್‌ಡೌನಿನ ಕಾಲ. ತಲಪಾಡಿ ಗಡಿಯಲ್ಲಿ ರಸ್ತೆ ಮುಚ್ಚಿದ್ದರು, ಮಂಗಳೂರಿನಲ್ಲಿ ಓದುತ್ತಿದ್ದವರು, ಕೆಲಸಕ್ಕೆ ಹೋಗುತ್ತಿದ್ದವರು ಎಲ್ಲ ಮನೆಯಲ್ಲೇ. ಇಡೀ ಜಗತ್ತೇ ಮನೆಯಲ್ಲಿ ಕೂತು ಆಟ ಹುಡುಕುತ್ತಿದ್ದ ಆ ಸಮಯದಲ್ಲಿ ಈ ಆಟದೊಳಗೆ ಹೊಸತು ಅಂತ ಹೇಳುವಂಥದ್ದು ತುಂಬಾ ಕಮ್ಮಿ. ಎಲ್ಲರನ್ನೂ ಎರಡನೇ ಆಟಕ್ಕೆ ಹಾಕಿದ್ದಾರೆ, ಕಾಯೋಣ ಅಂತ ಆಟಗಾರರು ತಮಗೆ ತಾವೇ ಸಮಾಧಾನ ಹೇಳಿಕೊಂಡರು. 2021ರ ಏಪ್ರಿಲ್‌ನಲ್ಲಿ ಆಟದ ಮುಖವೇ ಆಗಿದ್ದ ಜೆಫ್ ಕಪ್ಲಾನ್ ಕಂಪನಿ ಬಿಟ್ಟರು. ಜುಲೈಯಲ್ಲಿ ಹೆಂಗಸರಿಗೆ ಆದ ಕಿರುಕುಳ, ತಾರತಮ್ಯದ ಆರೋಪದ ಮೇಲೆ ಕ್ಯಾಲಿಫೋರ್ನಿಯಾ ರಾಜ್ಯವೇ ಕಂಪನಿ ಮೇಲೆ ಕೇಸು ಹಾಕಿತು.

2022ರ ಮಾರ್ಚ್‌ನಲ್ಲಿ ಹೊಸ ಸುದ್ದಿ: ಕಥೆಯ ಭಾಗ ಆಮೇಲೆ, ಈಗ ಒಬ್ಬರ ಮೇಲೊಬ್ಬರು ಆಡುವ ಭಾಗ ಮಾತ್ರ. ಜೂನ್‌ನಲ್ಲಿ ಇನ್ನೊಂದು: ಅಕ್ಟೋಬರ್ 4ಕ್ಕೆ ಬಿಡುಗಡೆ, ಎಲ್ಲರಿಗೂ ಫ್ರೀ. ಬಿಡುಗಡೆಯ ಹಿಂದಿನ ದಿನ, ಅಕ್ಟೋಬರ್ 3ಕ್ಕೆ, ಮೊದಲನೇ ಓವರ್‌ವಾಚ್‌ನ ಸರ್ವರ್‌ಗಳನ್ನು ಮುಚ್ಚಿದರು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ದುಡ್ಡು ಕೊಟ್ಟು ಕೊಂಡ ಆಟ. ಮನೆಯಲ್ಲಿ ಕಂಪ್ಯೂಟರ್ ಹಾಳಾಗಿಲ್ಲ, ಡಿಸ್ಕ್ ಮುರಿದಿಲ್ಲ. ಆದರೂ ಆಟ ನಡೆಯುವುದು ಕಂಪನಿಯ ಸರ್ವರ್‌ನಲ್ಲೇ ಆದ್ದರಿಂದ ಆ ದಿನದಿಂದ ಅದು ಜಗತ್ತಿನಲ್ಲಿ ಯಾರಿಗೂ ಆಡಲಿಕ್ಕೆ ಸಿಗುವುದಿಲ್ಲ. ಕೊಂಡವರ ಖಾತೆಯಲ್ಲಿದ್ದ ಬಟ್ಟೆ, ಬಣ್ಣ ಎಲ್ಲ ಹೊಸದಕ್ಕೆ ಬಂದವು, ಅದನ್ನು ಹೇಳಲೇಬೇಕು. ಆದರೆ ಆರು ಜನರ ಆಟ ಹೋಯಿತು. ಹೊಸದರಲ್ಲಿ ಐದೈದು ಜನ. ತೆಗೆದದ್ದು ಯಾರನ್ನು? ಎರಡನೇ ಟ್ಯಾಂಕನ್ನು.

ಈ ಬದಲಾವಣೆ ಪೂರ್ತಿ ತಪ್ಪು ಅಂತ ನಾನು ಹೇಳುವುದಿಲ್ಲ. ಆಟ ಚುರುಕಾಯಿತು, ಗುರಾಣಿಯ ಮೇಲೆ ಗುಂಡು ಸುರಿಯುತ್ತಾ ಕೂರುವ ಬೇಜಾರು ಕಮ್ಮಿಯಾಯಿತು, ಕಾಯುವ ಹೊತ್ತೂ ಇಳಿಯಿತು. ಆದರೆ ಒಬ್ಬನೇ ಟ್ಯಾಂಕ್ ಅಂದರೆ ಸೋತಾಗ ಬೈಗುಳವೂ ಒಬ್ಬನಿಗೇ. ಅವನು ಒಂದು ತಪ್ಪು ಹೆಜ್ಜೆ ಇಟ್ಟರೆ ಉಳಿದ ನಾಲ್ಕು ಜನರೂ ಬಯಲಲ್ಲಿ. ಟ್ಯಾಂಕ್ ಆಡುವುದನ್ನೇ ಬಿಟ್ಟೆ ಅಂತ ಹೇಳಿದವರು ಎಷ್ಟು ಜನ! ಮತ್ತೆ, ಆರು ಜನರ ಗೆಳೆಯರ ಗುಂಪು ಎಲ್ಲ ಊರಲ್ಲೂ ಇತ್ತು. ಅಂಥ ಒಂದೊಂದು ಗುಂಪಿನಲ್ಲೂ ಒಬ್ಬನಿಗೆ ಇವತ್ತು ನೀನು ಕೂತುಕೋ ಅಂತ ಹೇಳಬೇಕಾಯಿತು. ನಮ್ಮ ಗುಂಪು ಅಷ್ಟರಲ್ಲಿ ತಾನಾಗಿಯೇ ಚದುರಿತ್ತು, ಒಬ್ಬ ದುಬೈ, ಇಬ್ಬರು ಬೆಂಗಳೂರು. ಆ ಮಾತು ಹೇಳುವ ಪ್ರಸಂಗ ನಮಗೆ ಬರಲಿಲ್ಲ, ಅಷ್ಟೇ.

ಬಿಡುಗಡೆಯ ದಿನ ಡಿಡಿಒಎಸ್ ದಾಳಿ, ಅಂದರೆ ಬೇಕಂತಲೇ ಸುಳ್ಳು ಸಂಪರ್ಕಗಳನ್ನು ಸುರಿದು ಸರ್ವರ್ ಕಟ್ಟಿಹಾಕುವ ದಾಳಿ, ಆಗಿದೆ ಅಂತ ಕಂಪನಿ ಹೇಳಿತು, ಒಳಗೆ ಹೋಗಲಿಕ್ಕೆ ಸಾವಿರಗಟ್ಟಲೆ ಜನರ ಸಾಲು. ಅದು ಎರಡು ದಿನದ ಮಾತು, ಬಿಡಿ. ಇನ್ನೊಂದು ನಿಯಮ ಜಾಸ್ತಿ ನೋವು ಮಾಡಿತು. ಆಡಬೇಕಾದರೆ ಮೊಬೈಲ್ ನಂಬರ್ ಕೊಡಬೇಕು, ಪ್ರೀಪೇಯ್ಡ್ ನಂಬರ್ ನಡೆಯುವುದಿಲ್ಲ ಅಂತ ಬರೆದಿದ್ದರು. ನಮ್ಮ ದೇಶದಲ್ಲಿ ಹೆಚ್ಚುಕಮ್ಮಿ ಎಲ್ಲರದ್ದೂ ಪ್ರೀಪೇಯ್ಡ್ ಸಿಮ್ಮೇ ಅಲ್ವಾ! ಗಲಾಟೆ ಎದ್ದ ಮೇಲೆ ಹಳೆ ಆಟಗಾರರಿಗೆ ಅದನ್ನು ಸಡಿಲಿಸಿದರು. ಆದರೆ ನಿಯಮ ಬರೆದವರು ನಮ್ಮಂಥವರೂ ಈ ಆಟ ಆಡುತ್ತಾರೆ ಅಂತ ನೆನೆಸಿಕೊಂಡಿರಲಿಲ್ಲ ಅನ್ನುವುದು ಗೊತ್ತಾಗಿಹೋಯಿತು.

ಲೂಟ್ ಬಾಕ್ಸ್ ಹೋಯಿತು, ಬ್ಯಾಟಲ್ ಪಾಸ್ ಬಂತು, ಆಡಿದಷ್ಟೂ ಮೆಟ್ಟಿಲು ಹತ್ತಿ ಬಹುಮಾನ ಪಡೆಯುವ ವ್ಯವಸ್ಥೆ. ಜೂಜಿನ ಪೆಟ್ಟಿಗೆ ಹೋಯಿತಲ್ಲ ಅಂತ ಖುಷಿ ಪಡುವಷ್ಟರಲ್ಲಿ ಹೊಸ ಪಾತ್ರಗಳನ್ನೇ ಆ ಪಾಸಿನೊಳಗೆ ಇಟ್ಟರು. ದುಡ್ಡು ಕೊಟ್ಟವರಿಗೆ ತಕ್ಷಣ, ಕೊಡದವರು 55ನೇ ಮೆಟ್ಟಿಲಿನವರೆಗೆ ಆಡಿ ಹತ್ತಬೇಕು. ಎದುರಾಳಿ ಯಾರನ್ನು ಇಳಿಸುತ್ತಾನೋ ನೋಡಿ ನಾವೂ ಪಾತ್ರ ಬದಲಿಸುವುದೇ ಓವರ್‌ವಾಚ್‌ನ ಜೀವಾಳ. ಅದಕ್ಕೇ ಬೀಗ ಹಾಕಿದರೆ ಹೇಗೆ? ಈ ಬೀಗ ತೆಗೆಯಲಿಕ್ಕೆ 2024ರ ಏಪ್ರಿಲ್ ಬರಬೇಕಾಯಿತು.

ಇಷ್ಟಾದರೂ ಜನ ತಡೆದುಕೊಂಡಿದ್ದರು. ಕಥೆಯ ಆಟ ಬರುತ್ತದಲ್ಲ, ಹೀರೋ ಮಿಷನ್ ಬರುತ್ತದಲ್ಲ ಅಂತ. 2023ರ ಮೇ ತಿಂಗಳಲ್ಲಿ ಕಪ್ಲಾನ್ ಜಾಗಕ್ಕೆ ಬಂದಿದ್ದ ಆರನ್ ಕೆಲ್ಲರ್ ಅವರ ತಂಡ ಹೀರೋ ಮಿಷನ್ ಬರುವುದಿಲ್ಲ, ಪಾತ್ರ ಬೆಳೆಸುವ ಆ ವ್ಯವಸ್ಥೆಯೂ ಬರುವುದಿಲ್ಲ ಅಂತ ಹೇಳಿತು. ಮೂರೂವರೆ ವರ್ಷದ ಹಿಂದೆ ತೋರಿಸಿದ ಆಸೆ, ಯಾವುದಕ್ಕೋಸ್ಕರ ಮೊದಲ ಆಟವನ್ನು ಬರಡು ಬಿಟ್ಟು ಕಾಯಿಸಿದರೋ ಅದೇ ಇಲ್ಲ. ಆಗಸ್ಟ್‌ನಲ್ಲಿ ಮೂರು ಕಥೆಯ ಮಿಷನ್ ಬಂದವು, 15 ಡಾಲರ್ ಕಟ್ಟಿನಲ್ಲಿ. ಅದೇ ದಿನ ಆಟ ಸ್ಟೀಮ್‌ಗೂ ಬಂತು. ಅಲ್ಲಿಯವರೆಗೆ ಬ್ಲಿಝಾರ್ಡ್‌ನ ಸ್ವಂತ ಅಂಗಡಿಯಲ್ಲಿ ಆಡುತ್ತಿದ್ದವರಿಗೆ ಎಲ್ಲರಿಗೂ ಕಾಣುವ ಹಾಗೆ ಅಭಿಪ್ರಾಯ ಬರೆಯುವ ಜಾಗವೇ ಇರಲಿಲ್ಲ. ಸ್ಟೀಮ್‌ನಲ್ಲಿ ಬಾಗಿಲು ತೆರೆಯಿತು. ನಾಲ್ಕು ವರ್ಷದ ಸಿಟ್ಟು ಒಂದೇ ವಾರದಲ್ಲಿ ಹೊರಗೆ ಬಂತು.

ಆ ಸಿಟ್ಟಿನಲ್ಲಿ ದೊಡ್ಡ ಪಾಲು ಚೀನೀ ಭಾಷೆಯಲ್ಲಿತ್ತು, ಇದನ್ನು ಬಹಳ ಜನ ಗಮನಿಸಲಿಲ್ಲ. ಚೀನಾದಲ್ಲಿ ಆಟ ನಡೆಸುತ್ತಿದ್ದ ನೆಟ್‌ಈಸ್ ಕಂಪನಿಯ ಜೊತೆ ಬ್ಲಿಝಾರ್ಡ್‌ನ ಒಪ್ಪಂದ ಮುರಿದು 2023ರ ಜನವರಿಯಲ್ಲಿ ಅಲ್ಲಿನ ಸರ್ವರ್‌ಗಳು ನಿಂತಿದ್ದವು. ಅವರೂ ಕಳೆದುಕೊಂಡವರೇ. ಇದೆಲ್ಲ ರಿವ್ಯೂ ಬಾಂಬಿಂಗ್, ಸಿಟ್ಟಿನಲ್ಲಿ ಗುಂಪಾಗಿ ಸುರಿದ ಕೆಟ್ಟ ಅಭಿಪ್ರಾಯ, ಲೆಕ್ಕಕ್ಕಿಲ್ಲ ಅಂತ ಹೇಳಿದವರು ಇದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಗುಂಡು ಹಾರಿಸುವ ರುಚಿ, ಪಾತ್ರಗಳ ಚೆಲುವು, ಸಂಗೀತ, ಇವನ್ನು ಬೈದವರು ಕಮ್ಮಿ. ಬೈದದ್ದು ಮಾತು ತಪ್ಪಿದ್ದಕ್ಕೆ, ಇದ್ದದ್ದನ್ನು ಕಿತ್ತುಕೊಂಡದ್ದಕ್ಕೆ.

ಈ ಜಾತಿಯಲ್ಲಿ ಬಿದ್ದ ಆಟಗಳು ಬೇರೆಯೂ ಇವೆ. ಬ್ಯಾಟಲ್‌ಬಾರ್ನ್ 2016ರಲ್ಲಿ ಓವರ್‌ವಾಚ್‌ಗಿಂತ ಮೂರು ವಾರ ಮೊದಲು ಬಂದು ಅದರ ನೆರಳಿನಲ್ಲೇ ಕಳೆದುಹೋಯಿತು. 2024ರ ಆಗಸ್ಟ್ 23ಕ್ಕೆ ಬಂದ ಸೋನಿಯ ಕಾಂಕಾರ್ಡ್ ಎರಡೇ ವಾರಕ್ಕೆ, ಸೆಪ್ಟೆಂಬರ್ 6ಕ್ಕೆ, ಮುಚ್ಚಿತು. ಸ್ಟೀಮ್‌ನಲ್ಲಿ ಒಂದೇ ಹೊತ್ತಿಗೆ ಅದನ್ನು ಆಡಿದವರು ಜಾಸ್ತಿ ಅಂದರೆ 697. ಕೊಂಡವರಿಗೆ ಸೋನಿ ದುಡ್ಡು ವಾಪಸ್ ಕೊಟ್ಟಿತು. ಅದರ ಬಗ್ಗೆ ಜನರಿಗೆ ಇಷ್ಟು ನೋವಿಲ್ಲ. ಪ್ರೀತಿ ಹುಟ್ಟಲಿಕ್ಕೇ ಸಮಯ ಸಿಗಲಿಲ್ಲ.

2024ರ ಡಿಸೆಂಬರ್‌ನಲ್ಲಿ ನೆಟ್‌ಈಸ್‌ನವರೇ ಮಾಡಿದ ಮಾರ್ವೆಲ್ ರೈವಲ್ಸ್ ಬಂತು. ಆರಾರು ಜನ, 33 ಪಾತ್ರ, ಎಲ್ಲವೂ ಎಲ್ಲರಿಗೂ ತೆರೆದದ್ದು. ಅದೇ ತಿಂಗಳು ಓವರ್‌ವಾಚ್ 2ರಲ್ಲಿ ಆರು ಜನರ ಆಟವನ್ನು ಮತ್ತೆ ಪರೀಕ್ಷೆಗೆ ಬಿಟ್ಟರು. 2025ರ ಫೆಬ್ರವರಿಯಲ್ಲಿ ಲೂಟ್ ಬಾಕ್ಸ್ ಕೂಡ ವಾಪಸ್ ಬಂತು. ಆಟ ಸುಧಾರಿಸಿದೆ, ಈಗ ಮೊದಲ ಸಲ ಆಡುವ ಹುಡುಗರಿಗೆ ಖುಷಿಯಾಗುತ್ತದೆ, ನನ್ನ ತಮ್ಮನಿಗೆ ಆದ ಹಾಗೆ. ಅವನು ಹೇಳುವುದು ಸುಳ್ಳಲ್ಲ.

ಆದರೆ ಸರ್ವರ್ ಮುಚ್ಚಿದರೆ ಕೊಂಡ ಆಟ ಏನಾಗಬೇಕು ಅನ್ನುವ ಪ್ರಶ್ನೆ ಈಗ ದೊಡ್ಡದಾಗಿದೆ. ಯುಬಿಸಾಫ್ಟ್ 2024ರ ಮಾರ್ಚ್ 31ಕ್ಕೆ ದಿ ಕ್ರೂ ಅನ್ನುವ ಕಾರ್ ಆಟ ಮುಚ್ಚಿದ ಮೇಲೆ ರಾಸ್ ಸ್ಕಾಟ್ ಶುರು ಮಾಡಿದ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಚಳವಳಿಗೆ ಯುರೋಪಿನಲ್ಲಿ 10 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ನಿಲ್ಲಿಸುವುದಾದರೆ ನಿಲ್ಲಿಸಿ, ಆದರೆ ಕೊಂಡವರು ತಾವೇ ನಡೆಸಿಕೊಳ್ಳುವ ದಾರಿ ಬಿಟ್ಟು ಹೋಗಿ, ಅವರು ಕೇಳುವುದು ಇಷ್ಟೇ.

ಹಾಗೆ ಉಳಿದ ಆಟ ನಮ್ಮ ಕಣ್ಣೆದುರೇ ಇದೆ. ಟೀಮ್ ಫೋರ್ಟ್ರೆಸ್ 2 ಆಡಲಿಕ್ಕೆ ಕಂಪನಿಯ ಸರ್ವರೇ ಬೇಕಂತಿಲ್ಲ, ಯಾರು ಬೇಕಾದರೂ ತಮ್ಮದೇ ಸರ್ವರ್ ಹಾಕಬಹುದು. 2025ರ ಫೆಬ್ರವರಿಯಲ್ಲಿ ವಾಲ್ವ್ ಅದರ ಕೋಡನ್ನೂ ಮಾಡ್ ಮಾಡುವವರಿಗೆ ತೆರೆದುಕೊಟ್ಟಿತು. ಕಳೆದ ಮಳೆಗಾಲ ಒಂದು ರಾತ್ರಿ, ಹೋದ ಕರೆಂಟ್ ವಾಪಸ್ ಬಂದ ಮೇಲೆ, ನಮ್ಮ ಹಳೆ ಗುಂಪಿನ ನಾಲ್ವರು ಅದರಲ್ಲಿ ಕೂಡಿದೆವು, ತಮ್ಮನನ್ನೂ ಸೇರಿಸಿಕೊಂಡು. ಮ್ಯಾಪ್ 2ಫೋರ್ಟ್. ಕ್ವೇಕ್ ಕಾಲದ ಮ್ಯಾಪ್ ಅದು, ತಮ್ಮ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲಿನದು. ಸೇತುವೆ ದಾಟುವಾಗ ನೀರ್ಚಾಲಿನವನು "ಪಿರ ಬಲೆ" ಅಂತ ಕೂಗಿದ. ಆಟ ಮುಗಿದ ಮೇಲೆ ತಮ್ಮ ಕೇಳಿದ, "ಹಳೆ ಓವರ್‌ವಾಚ್‌ನಲ್ಲೂ ಹೀಗೆ ಒಂದು ರೂಮ್ ಮಾಡ್ಲಿಕ್ಕೆ ಆಗುತ್ತಾ ಅಣ್ಣ?"

ಆಗುವುದಿಲ್ಲ ಅಂದೆ.