ಲ್ಯಾಬ್ ಚೀಟಿಯಲ್ಲಿ 1.2: ಗಂಡನಿಗೆ ಒಂದು ಅರ್ಥ, ಹೆಂಡತಿಗೆ ಇನ್ನೊಂದು

ಸಿಂಧನೂರಿನ ಲ್ಯಾಬಾಗಲಿ, ಗಂಗಾವತಿ, ಸಿರುಗುಪ್ಪದ್ದಾಗಲಿ, ಕಿಡ್ನಿ ಪರೀಕ್ಷೆಯ ಚೀಟಿಯಲ್ಲಿ ‘ಸೀರಂ ಕ್ರಿಯಾಟಿನಿನ್’ ಎಂಬ ಸಾಲು, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಒಂದು ತ್ಯಾಜ್ಯ ರಕ್ತದಲ್ಲಿ ಎಷ್ಟು ಉಳಿದಿದೆ ಎಂಬ ಲೆಕ್ಕ, ಇದ್ದೇ ಇರುತ್ತದೆ. ಐವತ್ತು ವರ್ಷದ ಗಂಡ, ಅಷ್ಟೇ ವಯಸ್ಸಿನ ಹೆಂಡತಿ ಒಂದೇ ದಿನ ರಕ್ತ ಕೊಟ್ಟರು ಅಂದುಕೊಳ್ಳಿ. ಇಬ್ಬರದೂ 1.2. ಗಂಡು-ಹೆಣ್ಣಿಗೆ ಒಂದೇ ಮಿತಿ ಅಚ್ಚು ಹಾಕಿದ ಚೀಟಿಯಾದರೆ ಇಬ್ಬರೂ ‘ನಾರ್ಮಲ್’. ಅದೇ 1.2 ಅನ್ನು ಕಿಡ್ನಿ ರಕ್ತ ಸೋಸುವ ವೇಗಕ್ಕೆ, ಅಂದರೆ ಇ-ಜಿಎಫ್‌ಆರ್‌ಗೆ ಬದಲಿಸಿ ನೋಡಿ. ವಯಸ್ಸು, ಲಿಂಗ ಸೇರಿಸಿ ಲೆಕ್ಕ ಹಾಕುವ 2021ರ ಸಿಕೆಡಿ-ಎಪಿ ಸೂತ್ರದಂತೆ ಗಂಡನಿಗೆ ಬರುವುದು ಸುಮಾರು 74, ಹೆಂಡತಿಗೆ 55. ಈ ಸಂಖ್ಯೆ ಮೂರು ತಿಂಗಳು 60ಕ್ಕಿಂತ ಕೆಳಗೇ ಇದ್ದರೆ ಅದು ದೀರ್ಘಕಾಲದ ಕಿಡ್ನಿ ಕಾಯಿಲೆ. ಗಂಡ ನಿಶ್ಚಿಂತೆಯಿಂದ ಮನೆಗೆ ಹೋಗಬಹುದು. ಹೆಂಡತಿ ಮತ್ತೆ ಬರಬೇಕು, ಮೂತ್ರ ಕೊಡಬೇಕು, ನೋವಿನ ಗುಳಿಗೆ ಬಿಡಬೇಕು.

ಕ್ರಿಯಾಟಿನಿನ್ ಹುಟ್ಟುವುದು ಮಾಂಸಖಂಡದಲ್ಲಿ. ಹೆಂಗಸರಲ್ಲಿ ಮಾಂಸಖಂಡ ಕಡಿಮೆ, ಹುಟ್ಟುವ ಕ್ರಿಯಾಟಿನಿನ್ನೂ ಕಡಿಮೆ. ಅಷ್ಟು ಕಡಿಮೆ ಹುಟ್ಟಿಯೂ ರಕ್ತದಲ್ಲಿ 1.2 ಉಳಿದಿದೆ ಅಂದರೆ ಸೋಸುವ ಕೆಲಸ ಕುಂಟುತ್ತಿದೆ ಎಂದೇ ಅರ್ಥ. ಇಷ್ಟು ಲೆಕ್ಕದ ಮಾತು. ವ್ಯತ್ಯಾಸ ಅಲ್ಲಿಗೇ ನಿಲ್ಲುವುದಿಲ್ಲ. ಕಿಡ್ನಿಯ ಜೀವಕೋಶದ ಒಳಗೇ, ಯಾವ ಜೀನ್ ಎಷ್ಟು ಕೆಲಸ ಮಾಡುತ್ತದೆ ಎಂಬುದರಲ್ಲೇ ಗಂಡು-ಹೆಣ್ಣಿಗೆ ವ್ಯತ್ಯಾಸವಿದೆ. ಇದು ಗೊತ್ತಾದ ಬಗೆಗೆ ಎಂಬತ್ತು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ.

ಮೊದಲ ಸುಳಿವು ಸಿಕ್ಕಿದ್ದು ಇಲಿಗಳಲ್ಲಿ. ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನು ಕೊಟ್ಟರೆ ಇಲಿಯ ಕಿಡ್ನಿ ದಪ್ಪವಾಗುತ್ತದೆ ಎಂದು 1939ರಲ್ಲಿ ಹಾರ್ಮೋನ್ ವಿಜ್ಞಾನಿ ಹ್ಯಾನ್ಸ್ ಸೆಲ್ಯೆ ಬರೆದರು. ಅದು ಹೇಗೆ ಎಂಬುದಕ್ಕೆ ಉತ್ತರ ತೀರ ಈಚಿನದು. ಸೋಸಿದ ನೀರಿನಿಂದ ಉಪ್ಪು, ಸಕ್ಕರೆಯನ್ನು ಮರಳಿ ಹೀರಿಕೊಳ್ಳುವ ಮೊದಲ ನಳಿಕೆಯ ಜೀವಕೋಶಗಳಲ್ಲೇ ಗಂಡು ಹಾರ್ಮೋನನ್ನು ಹಿಡಿಯುವ ಗ್ರಾಹಕ ಕೂತಿದೆ, ಅದು ನೇರವಾಗಿ ಜೀನ್‌ಗಳನ್ನು ಏರಿಸಿ ಇಳಿಸುತ್ತದೆ ಎಂದು 2023ರಲ್ಲಿ ಇಲಿಗಳಲ್ಲಿ ತೋರಿಸಲಾಯಿತು. ಕಿಡ್ನಿಗೆ ರಕ್ತ ನಿಲ್ಲಿಸಿ ಮತ್ತೆ ಬಿಟ್ಟರೆ ಗಂಡಿಲಿಯ ಈ ನಳಿಕೆಗೆ ಹೆಣ್ಣಿಲಿಯದಕ್ಕಿಂತ ಹೆಚ್ಚು ಪೆಟ್ಟಾಗುತ್ತದೆ ಎಂಬುದೂ ಪ್ರಯೋಗಗಳಲ್ಲಿ ಕಂಡಿದೆ. ಇಲಿಯ ಮಾತನ್ನು ಹಾಗೆಯೇ ಮನುಷ್ಯರಿಗೆ ಅನ್ವಯಿಸಲು ಬರುವುದಿಲ್ಲ. ಆದರೆ ಗಂಡಸರಲ್ಲಿ ಕಿಡ್ನಿ ಕಾಯಿಲೆ ಬೇಗ ಡಯಾಲಿಸಿಸ್ ಹಂತಕ್ಕೆ ಹೋಗುವುದಕ್ಕೆ ಇದೂ ಒಂದು ಕಾರಣ ಇರಬೇಕು ಎಂದು ಅನುಮಾನಿಸಲು ಆಧಾರವಿದೆ.

ಹಾರ್ಮೋನು ಒಂದು ದಾರಿ. ಇನ್ನೊಂದು ದಾರಿ ವರ್ಣತಂತುವಿನದು. 1949ರಲ್ಲಿ ಕೆನಡಾದ ಮರ‍್ರೆ ಬಾರ್ ಮತ್ತು ಬರ್ಟ್ರಮ್ ಬೆಕ್ಕಿನ ನರಕೋಶಗಳನ್ನು ನೋಡುತ್ತಿದ್ದಾಗ ಹೆಣ್ಣು ಬೆಕ್ಕಿನ ಕೋಶದಲ್ಲಿ ಮಾತ್ರ ಒಂದು ಕಪ್ಪು ಚುಕ್ಕೆ ಕಂಡಿತು. ಅದು ಮುದುಡಿ ಕೂತ ಎಕ್ಸ್ ವರ್ಣತಂತು. ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು ಎಕ್ಸ್ ಒಂದು ವೈ. ಎರಡೂ ಎಕ್ಸ್ ದುಡಿದರೆ ಹೆಣ್ಣಿನಲ್ಲಿ ಎಲ್ಲ ದುಪ್ಪಟ್ಟಾಗುತ್ತದೆ. ಹಾಗಾಗಬಾರದೆಂದು ಗರ್ಭದಲ್ಲಿರುವಾಗಲೇ ಪ್ರತಿ ಕೋಶವೂ ತನ್ನ ಒಂದು ಎಕ್ಸ್ ಅನ್ನು ಮಲಗಿಸಿಬಿಡುತ್ತದೆ ಎಂದು 1961ರಲ್ಲಿ ಬ್ರಿಟನ್ನಿನ ಮೇರಿ ಲಯನ್ ಹೇಳಿದರು. ಒಂದು ಕೋಶ ತಾಯಿ ಕಡೆಯದನ್ನು ಮಲಗಿಸಿದರೆ ಪಕ್ಕದ್ದು ತಂದೆ ಕಡೆಯದನ್ನು ಮಲಗಿಸಬಹುದು. ಆ ಕೋಶದ ಸಂತತಿಯೆಲ್ಲ ಅದೇ ಆಯ್ಕೆಯನ್ನು ಉಳಿಸಿಕೊಂಡು ಹೋಗುತ್ತದೆ.

ನಮ್ಮ ಕಡೆಯವರಿಗೆ ಇದನ್ನು ತಿಳಿಸಲು ಕೌದಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಹಳೆ ಸೀರೆಯ ತುಂಡು, ಲುಂಗಿಯ ತುಂಡು ಜೋಡಿಸಿ ಹೊಲಿದ ಕೌದಿಯಲ್ಲಿ ಒಂದು ಕಡೆ ಕೆಂಪು, ಒಂದು ಕಡೆ ನೀಲಿ. ಹೆಣ್ಣಿನ ದೇಹ ಹಾಗೆ. ಗಂಡಿನದು ಒಂದೇ ಥಾನಿನ ಬಟ್ಟೆ. ಮೂರು ಬಣ್ಣದ ಬೆಕ್ಕು ಹೆಚ್ಚುಕಡಿಮೆ ಯಾವಾಗಲೂ ಹೆಣ್ಣೇ ಆಗಿರುವುದೂ ಇದೇ ಕಾರಣಕ್ಕೆ. ಥಾನು ಜೀರ್ಣವಾಗಿದ್ದರೆ ಇಡೀ ಬಟ್ಟೆ ಹರಿಯುತ್ತದೆ. ಕೌದಿಯಲ್ಲಿ ಒಂದು ಬಗೆಯ ತುಂಡು ಸವೆದರೂ ಉಳಿದವು ಹಿಡಿದುಕೊಳ್ಳುತ್ತವೆ.

ಕಿಡ್ನಿಯಲ್ಲಿ ಇದು ಕಣ್ಣಿಗೆ ಕಾಣುವ ಕಾಯಿಲೆಯೇ ಇದೆ. ಮೂತ್ರದಲ್ಲಿ ರಕ್ತ, ಜೊತೆಗೆ ಕಿವುಡು, ವಂಶದಲ್ಲಿ ಹರಿದುಬರುವ ಈ ರೋಗವನ್ನು 1927ರಲ್ಲಿ ವಿವರಿಸಿದವರು ವೈದ್ಯ ಸೆಸಿಲ್ ಆಲ್ಪೋರ್ಟ್. ರೋಗಕ್ಕೂ ಅವರದೇ ಹೆಸರು. ಗಂಡಸರಲ್ಲಿ ಬಿರುಸು, ಹೆಂಗಸರಲ್ಲಿ ಸೌಮ್ಯ ಎಂದು ಅವರು ಆಗಲೇ ಗುರುತಿಸಿದ್ದರು. 1990ರಲ್ಲಿ ಜೀನ್ ಸಿಕ್ಕಿತು, ಅದು ಎಕ್ಸ್ ಮೇಲಿತ್ತು. ಸೋಸುವ ಜರಡಿಗೆ ಬೇಕಾದ ಕೊಲಾಜೆನ್ ಎಳೆಯನ್ನು ಮಾಡುವ ಜೀನ್ ಅದು. ಆ ಜೀನ್ ಕೆಟ್ಟಿರುವ ಗಂಡಸರಲ್ಲಿ ಶೇ 90ರಷ್ಟು ಜನರ ಕಿಡ್ನಿ 40 ವರ್ಷದೊಳಗೆ ಕೈಕೊಡುತ್ತದೆ. ಅಂಥ ಹೆಂಗಸರಲ್ಲಿ ಆ ಪ್ರಮಾಣ ಶೇ 12 ಮಾತ್ರ. ‘ಮಾತ್ರ’ ಅಂದದ್ದೇ ಮುಂದೆ ತೊಂದರೆಯಾಯಿತು. ಹಲವು ವರ್ಷ ಅವರನ್ನು ಬರೀ ‘ವಾಹಕಿ’, ಅಂದರೆ ರೋಗವನ್ನು ಮಕ್ಕಳಿಗೆ ದಾಟಿಸುವವಳು, ಅನ್ನುತ್ತಿದ್ದರು. 60 ವರ್ಷದ ಹೊತ್ತಿಗೆ ಅವರಲ್ಲೂ ನೂರಕ್ಕೆ 30 ಜನರ ಕಿಡ್ನಿ ಸೋತಿರುತ್ತದೆ. ಅವರೂ ರೋಗಿಗಳೇ. ಸೋದರಮಾವನನ್ನು ಮದುವೆಯಾಗುವ ಪದ್ಧತಿ ಇರುವ ನಮ್ಮಲ್ಲಿ ಇನ್ನೊಂದು ಮಾತು ಸೇರಿಸಬೇಕು. ಎಕ್ಸ್ ಮೇಲಿಲ್ಲದ ಬೇರೆ ಎರಡು ಜೀನ್‌ಗಳಿಂದಲೂ ಈ ರೋಗ ಬರುತ್ತದೆ, ಆಗ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಬಿರುಸು. ರಕ್ತಸಂಬಂಧದ ಮದುವೆ ಹೆಚ್ಚಿಸುವುದು ಆ ಬಗೆಯನ್ನು.

ಇನ್ನು ವೈರಸ್. ಮಲಗಿದ ಎಕ್ಸ್ ಪೂರ್ತಿ ಮಲಗಿರುವುದಿಲ್ಲ. ಅದರ ಜೀನ್‌ಗಳಲ್ಲಿ ನೂರಕ್ಕೆ ಸುಮಾರು 15 ಎಚ್ಚರವಾಗೇ ಇರುತ್ತವೆ ಎಂದು 2005ರಲ್ಲಿ ಕ್ಯಾರೆಲ್ ಮತ್ತು ವಿಲಾರ್ಡ್ ತೋರಿಸಿದರು. ಹಾಗೆ ಹಲವು ಕೋಶಗಳಲ್ಲಿ ಎಚ್ಚರ ಉಳಿಯುವ ಒಂದು ಜೀನ್ ಟಿಎಲ್‌ಆರ್-7. ದೇಹದೊಳಗೆ ಹೊಕ್ಕ ಆರ್‌ಎನ್‌ಎ ವೈರಸ್ಸನ್ನು ಗುರುತಿಸಿ ಇಂಟರ್‌ಫೆರಾನ್ ಎಂಬ ಎಚ್ಚರಿಕೆ ಹೊರಡಿಸುವ ಕಾವಲುಗಾರ ಅದು. ಡೆಂಗೆ, ಚಿಕುನ್‌ಗುನ್ಯಾ, ಕೊರೊನಾ ಮೂರೂ ಆರ್‌ಎನ್‌ಎ ವೈರಸ್ಸುಗಳು. ಹೆಂಗಸರ ಕೋಶಗಳಲ್ಲಿ ಈ ಎಚ್ಚರಿಕೆ ಜೋರು. 2020ರಲ್ಲಿ ನೆದರ್‌ಲ್ಯಾಂಡ್ಸಿನ ಎರಡು ಕುಟುಂಬಗಳ ನಾಲ್ವರು ಆರೋಗ್ಯವಂತ ಯುವಕರು ಕೊರೊನಾದಿಂದ ವೆಂಟಿಲೇಟರ್ ಸೇರಿದರು. ನಾಲ್ವರಲ್ಲೂ ಟಿಎಲ್‌ಆರ್-7 ಕೆಟ್ಟಿತ್ತು. ಒಂದೇ ಎಕ್ಸ್ ಇದ್ದುದರಿಂದ ಬದಲಿಗೆ ಇನ್ನೊಂದು ಇರಲಿಲ್ಲ. ಅದೇ ವರ್ಷ 30 ಲಕ್ಷಕ್ಕೂ ಹೆಚ್ಚು ಪ್ರಕರಣಗಳ ಲೆಕ್ಕ ಹಾಕಿದಾಗ ಸೋಂಕು ಇಬ್ಬರಿಗೂ ಸರಿಸಮ ತಗುಲಿದ್ದು, ತೀವ್ರ ನಿಗಾ ಘಟಕ ಸೇರುವ ಸಂಭವ ಮಾತ್ರ ಗಂಡಸರಲ್ಲಿ ಮೂರು ಪಟ್ಟಿನ ಹತ್ತಿರ ಇದ್ದದ್ದು ಕಂಡಿತು. ವಯಸ್ಸು, ಬೀಡಿ-ಸಿಗರೇಟು, ಸಕ್ಕರೆ ಕಾಯಿಲೆಯ ಪಾಲೂ ಅದರಲ್ಲಿದೆ. ಎಲ್ಲವನ್ನೂ ಜೀನ್ ತಲೆಗೆ ಕಟ್ಟಬಾರದು.

ಜೋರು ಕಾವಲಿಗೆ ಬೆಲೆಯೂ ಇದೆ. ಕಾವಲುಗಾರ ಮನೆಯವರ ಮೇಲೇ ತಿರುಗಿಬಿದ್ದರೆ, ಅಂದರೆ ರೋಗನಿರೋಧಕ ಶಕ್ತಿ ಸ್ವಂತ ಅಂಗಗಳಿಗೇ ಹೊಡೆದರೆ ಬರುವ ಒಂದು ಕಾಯಿಲೆ ಲೂಪಸ್. ಹತ್ತು ರೋಗಿಗಳಲ್ಲಿ ಒಂಬತ್ತು ಹೆಂಗಸರು, ಅರ್ಧಕ್ಕೆ ಹತ್ತಿರದಷ್ಟು ಜನರಲ್ಲಿ ಕಿಡ್ನಿಗೂ ಪೆಟ್ಟು. 2022ರಲ್ಲಿ ಸ್ಪೇನಿನ ಒಬ್ಬ ಬಾಲಕಿಯ ಲೂಪಸ್‌ಗೆ ಟಿಎಲ್‌ಆರ್-7ರ ಒಂದೇ ಅಕ್ಷರದಷ್ಟು ಬದಲಾವಣೆ ಕಾರಣ ಎಂದು ಗೊತ್ತಾಯಿತು. ಎರಡು ಎಕ್ಸ್ ಜೊತೆ ವೈ ಕೂಡ ಇರುವ ಗಂಡಸರಲ್ಲಿ ಲೂಪಸ್ ಉಳಿದ ಗಂಡಸರಿಗಿಂತ ಸುಮಾರು 14 ಪಟ್ಟು ಹೆಚ್ಚು. ಅಂದಮೇಲೆ ಇದು ಬರೀ ಹಾರ್ಮೋನಿನ ಕೆಲಸವಲ್ಲ.

ರಾಯಚೂರು, ಕೊಪ್ಪಳ, ಬಳ್ಳಾರಿ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಲೂಪಸ್ ತಪ್ಪಿಹೋಗುವ ಜಾಗ ಗೊತ್ತಿರಬೇಕು. ಮಳೆಗಾಲದ ಜ್ವರದ ನಂತರ ಕೀಲು ನೋವು ಉಳಿದರೆ ‘ಚಿಕುನ್‌ಗುನ್ಯಾ, ಇನ್ನೂ ಇರುತ್ತೆ’ ಅನ್ನುತ್ತಾರೆ, ಅದು ನಿಜವೂ ಹೌದು. ಆದರೆ ಹದಿನೈದರಿಂದ ನಲವತ್ತೈದರ ಹೆಣ್ಣುಮಗಳಿಗೆ ನೋವು ಆರು ವಾರ ದಾಟಿ, ಬಾಯಿಹುಣ್ಣು, ಕೂದಲು ಉದುರುವುದು, ಕೆನ್ನೆ ಮೇಲೆ ಕೆಂಪು, ಕಾಲು ಬಾವು, ಮೂತ್ರದಲ್ಲಿ ಕರಗದ ನೊರೆ, ಇವುಗಳಲ್ಲಿ ಒಂದಾದರೂ ಇದ್ದರೆ ಮೂತ್ರ ಪರೀಕ್ಷೆ ಮತ್ತು ಲೂಪಸ್ ಸುಳಿವು ಕೊಡುವ ರಕ್ತದ ಎಎನ್‌ಎ ಪರೀಕ್ಷೆ ಆಗಲೇಬೇಕು. ಅದು ಬಿಟ್ಟು ತಿಂಗಳುಗಟ್ಟಲೆ ಡೈಕ್ಲೋಫೆನಾಕ್ ನುಂಗಿಸಿದರೆ ಲೂಪಸ್ ಒಂದು ಕಡೆ, ಗುಳಿಗೆ ಒಂದು ಕಡೆ ಕಿಡ್ನಿಯನ್ನು ತಿನ್ನುತ್ತವೆ.

ಇಷ್ಟೆಲ್ಲ ತಡವಾಗಿ ತಿಳಿದದ್ದಕ್ಕೆ ಕಾರಣ ಮನುಷ್ಯರದು. ಹೆಣ್ಣಿಲಿಯ ಹಾರ್ಮೋನ್ ಏರಿಳಿತ ಲೆಕ್ಕ ಕೆಡಿಸುತ್ತದೆ ಎಂದು ದಶಕಗಳ ಕಾಲ ಗಂಡಿಲಿಯನ್ನೇ ಬಳಸಿದರು. 1977ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಬಸುರಾಗುವ ವಯಸ್ಸಿನ ಹೆಂಗಸರನ್ನು ಔಷಧದ ಮೊದಲ ಹಂತದ ಪ್ರಯೋಗಗಳಿಂದ ಹೊರಗಿಟ್ಟಿತು. 1993ರ ಕಾನೂನು ಅವರನ್ನು ಪ್ರಯೋಗಗಳಿಗೆ ಸೇರಿಸಲು ಹೇಳಿತು. ಇಲಿ ಮತ್ತು ಕೋಶಗಳ ಸಂಶೋಧನೆಗೆ ಅಂಥ ನಿಯಮ ಅಲ್ಲಿ ಬಂದದ್ದು 2016ರಲ್ಲಿ. 2020ರಲ್ಲಿ ದೇಹದ 44 ಬಗೆಯ ಅಂಗಾಂಶಗಳನ್ನು ಹೋಲಿಸಿದ ದೊಡ್ಡ ಅಧ್ಯಯನ, ಶೇ 37ರಷ್ಟು ಜೀನ್‌ಗಳು ಎಲ್ಲೋ ಒಂದು ಅಂಗಾಂಶದಲ್ಲಾದರೂ ಗಂಡು-ಹೆಣ್ಣಿನಲ್ಲಿ ಬೇರೆ ಪ್ರಮಾಣದಲ್ಲಿ ಕೆಲಸ ಮಾಡುತ್ತವೆ ಎಂದಿತು. ಒಂದೊಂದರ ವ್ಯತ್ಯಾಸ ಸಣ್ಣದು. ಅದರಲ್ಲೂ ಕಿಡ್ನಿಯ ಮಾದರಿಗಳು ನೂರಕ್ಕಿಂತ ಕಡಿಮೆ, ದಾನಿಗಳಲ್ಲಿ ಮೂರರಲ್ಲಿ ಎರಡು ಪಾಲು ಗಂಡಸರು.

ಹಾಗಾಗಿ ಪರೀಕ್ಷೆಯನ್ನು ಸರಿಯಾಗಿ ಮಾಡಿಸುವುದೇ ಸದ್ಯ ಕೈಯಲ್ಲಿರುವ ದಾರಿ. ಚೀಟಿಯಲ್ಲಿ ಇ-ಜಿಎಫ್‌ಆರ್ ಬರೆದುಕೊಡಿ ಎಂದು ಕೇಳಿ, ವಯಸ್ಸು ಮತ್ತು ಲಿಂಗ ಸರಿಯಾಗಿ ನಮೂದಾಗಿದೆಯೇ ನೋಡಿ. ಹಿಂದಿನ ರಾತ್ರಿ ಮಟನ್ ಊಟ ಬೇಡ, ಕ್ರಿಯಾಟಿನಿನ್ ಏರುತ್ತದೆ. ರಾಯಚೂರಿನ ಬಿಸಿಲಲ್ಲಿ ದಿನವಿಡೀ ನಾಟಿ ಮಾಡಿ ನೀರಿಲ್ಲದೆ ಒಣಗಿದ ಮೈಯಲ್ಲೂ ಏರುತ್ತದೆ, ಒಂದು ದಿನ ಬಿಟ್ಟು ಕೊಡಿ. ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತಿದೆಯೇ ಎಂದು ತೋರಿಸುವ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತಕ್ಕೆ ಬೆಳಗಿನ ಮೊದಲ ಮೂತ್ರ, ಅದರಲ್ಲೂ ನಡುವಿನ ಧಾರೆ ಬೇಕು. ಮುಟ್ಟಿನ ದಿನಗಳಲ್ಲಿ, ಜ್ವರ ಅಥವಾ ಉರಿಮೂತ್ರ ಇದ್ದಾಗ ಕೊಟ್ಟರೆ ತಪ್ಪು ಬರುತ್ತದೆ. ಈ ಅನುಪಾತ 30 ದಾಟಿದರೆ ಮೂರು ತಿಂಗಳಲ್ಲಿ ಮತ್ತೆ ನೋಡಬೇಕು. ತೀರ ಸಣಕಲು ಮೈಯ ವಯಸ್ಸಾದ ಹೆಂಗಸರಲ್ಲಿ ಕ್ರಿಯಾಟಿನಿನ್ ಲೆಕ್ಕವೇ ಕಿಡ್ನಿಯನ್ನು ಇರುವುದಕ್ಕಿಂತ ಚೆನ್ನಾಗಿ ತೋರಿಸಬಹುದು. ಅಂಥವರಿಗೆ ಮಾಂಸಖಂಡದ ಹಂಗು ಕಡಿಮೆ ಇರುವ ಸಿಸ್ಟಾಟಿನ್-ಸಿ ರಕ್ತ ಪರೀಕ್ಷೆ ಸಿಗುವಲ್ಲಿ ಮಾಡಿಸುವುದು ಮೇಲು.

ಕೊನೆಯದಾಗಿ ಕಿಡ್ನಿ ದಾನದ ವಿಷಯ. ನಮ್ಮ ದೇಶದಲ್ಲಿ ಬದುಕಿರುವಾಗಲೇ ಕಿಡ್ನಿ ಕೊಡುವವರು ಹೆಚ್ಚಾಗಿ ಹೆಂಗಸರು, ಪಡೆಯುವವರು ಹೆಚ್ಚಾಗಿ ಗಂಡಸರು. ಮಗನ ಕಿಡ್ನಿ ಹೋದರೆ ಮೊದಲು ಮುಂದೆ ಬರುವವಳು ತಾಯಿ. ಆದರೆ ಮಗನಿಗೆ ಎಕ್ಸ್ ಬರುವುದು ತಾಯಿಯಿಂದಲೇ. ಅವನದು ಎಕ್ಸ್ ಮೇಲಿನ ಆಲ್ಪೋರ್ಟ್ ಆಗಿದ್ದರೆ ಬಹುಪಾಲು ತಾಯಿಯ ಕಿಡ್ನಿಯೂ ಸವೆದ ತುಂಡುಗಳಿರುವ ಕೌದಿಯೇ. ಒಂದನ್ನು ಕೊಟ್ಟು ಉಳಿದೊಂದರಲ್ಲಿ ಆಕೆ ಅರವತ್ತು ದಾಟುವುದು ಕಷ್ಟವಾಗಬಹುದು. ಇಪ್ಪತ್ತರ ಆಸುಪಾಸಿನ ಹುಡುಗನಿಗೆ ಕಾರಣ ಗೊತ್ತಿಲ್ಲದೆ ಕಿಡ್ನಿ ಹೋಗಿ, ಜೊತೆಗೆ ಕಿವಿಯೂ ಮಂದವಾಗಿದ್ದರೆ ತಾಯಿಯ ಮೂತ್ರದಲ್ಲಿ ಕೆಂಪು ರಕ್ತಕಣ ಮತ್ತು ಅಲ್ಬುಮಿನ್, ಆಕೆಯ ಶ್ರವಣ ಪರೀಕ್ಷೆ, ಇಬ್ಬರ ಜೀನ್ ಪರೀಕ್ಷೆ ಆಗಬೇಕು. ನೂರರಲ್ಲಿ ಹತ್ತು-ಹದಿನೈದು ಹುಡುಗರಲ್ಲಿ ದೋಷ ಹೊಸದಾಗಿ ಹುಟ್ಟಿರುತ್ತದೆ, ಅಂಥ ತಾಯಿಗೆ ಈ ಅಡ್ಡಿ ಇಲ್ಲ. ಉತ್ತರ ಕೈಗೆ ಬರುವವರೆಗೆ ಆಪರೇಷನ್ ದಿನ ಗೊತ್ತುಮಾಡಬಾರದು.