ಎದೆಹಾಲು ಹೆಚ್ಚಿಸೋ ಆಹಾರ: ಲಿಸ್ಟ್ ಬಾಯಿಪಾಠ ಮಾಡೋಕೆ ಮುಂಚೆ ಇದನ್ನ ಓದ್ಕೊಳ್ಳಿ

ಪರೀಕ್ಷೆಗೆ ಓದೋವಾಗ ಈ ಟಾಪಿಕ್ ಬಂದ್ರೆ ಎಲ್ರೂ ಮಾಡೋದು ಒಂದೇ, ಮೆಂತ್ಯ, ಸೋಂಪು, ನುಗ್ಗೆಸೊಪ್ಪು, ಓಟ್ಸ್, ಬಾರ್ಲಿ ಅಂತ ಉರು ಹೊಡಿಯೋದು. ನಾನೂ ಹಾಗೇ ಮಾಡಿದ್ದೆ, ಆಮೇಲೆ ವೈವಾದಲ್ಲಿ (ಮೌಖಿಕ ಪರೀಕ್ಷೆ) "ಸರಿ, ಇವು ಹಾಲು ಹೇಗೆ ಹೆಚ್ಚಿಸ್ತವೆ?" ಅಂತ ಕೇಳಿದಾಗ ಬಾಯಿ ಕಟ್ಟಿಹೋಯ್ತು. ಅದಕ್ಕೇ ಹಾಲು ಬರೋದು ಹೇಗೆ ಅನ್ನೋದ್ರಿಂದಲೇ ಶುರು ಮಾಡೋಣ.

ಹೆರಿಗೆ ಆಗಿ ಮಾಸು ಹೊರಗೆ ಬಂದ್ಮೇಲೆ ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನ್ ಸರ್ರನೆ ಇಳಿಯತ್ತೆ, ಅದು ಅಲ್ಲಿವರೆಗೆ ತಡೆದಿಟ್ಟಿದ್ದ ಇನ್ನೊಂದು ಹಾರ್ಮೋನ್ ಪ್ರೊಲ್ಯಾಕ್ಟಿನ್‌ಗೆ ದಾರಿ ಸಿಗತ್ತೆ, ಸುಮಾರು 2ರಿಂದ 4 ದಿನದಲ್ಲಿ ಎದೆ ತುಂಬ್ಕೊಳ್ಳತ್ತೆ. ಮಗು ಚೀಪಿದಾಗ ಪ್ರೊಲ್ಯಾಕ್ಟಿನ್ ಹಾಲು ಮಾಡಿಸತ್ತೆ, ಆಕ್ಸಿಟೋಸಿನ್ ಅನ್ನೋ ಹಾರ್ಮೋನ್ ಅದನ್ನ ಹೊರಗೆ ತಳ್ಳತ್ತೆ. ಮುಖ್ಯ ಪಾಯಿಂಟ್ ಇದು: ಹಾಲು ಎದೆಯಲ್ಲೇ ಉಳಿದ್ರೆ ಉತ್ಪತ್ತಿ ನಿಧಾನ ಆಗತ್ತೆ, ಖಾಲಿ ಆದಷ್ಟೂ ಮತ್ತೆ ತುಂಬತ್ತೆ. ಹಾಗಾಗಿ ನವಜಾತ ಶಿಶುಗೆ ದಿನಕ್ಕೆ 8ರಿಂದ 12 ಸಲ ಕುಡಿಸೋದಕ್ಕೆ ಇರೋ ಶಕ್ತಿ ಯಾವ ಕಾಳಿಗೂ ಇಲ್ಲ.

ಹಾಲು ಹೆಚ್ಚಿಸೋ ಪದಾರ್ಥಕ್ಕೆ ಗ್ಯಾಲಕ್ಟಗಾಗ್ ಅಂತಾರೆ. ಇವುಗಳ ಬಗ್ಗೆ 2020ರಲ್ಲಿ ಬಂದ ಕಾಕ್ರೇನ್ ರಿವ್ಯೂ (ಒಂದು ವಿಷಯದ ಟ್ರಯಲ್‌ಗಳನ್ನೆಲ್ಲ ಒಟ್ಟಿಗೆ ತೂಗಿ ನೋಡೋ ವರದಿ) ಓದಿದ್ರೆ ಗೊತ್ತಾಗತ್ತೆ, ಕೆಲವು ಟ್ರಯಲ್‌ಗಳಲ್ಲಿ ಸ್ವಲ್ಪ ಲಾಭ ಕಾಣ್ಸಿದ್ರೂ ಸಾಕ್ಷ್ಯ ತುಂಬಾ ದುರ್ಬಲ. ಬಾರ್ಲಿಯಲ್ಲಿರೋ ಒಂದು ಪಾಲಿಸ್ಯಾಕರೈಡ್ (ಪಿಷ್ಟದ ಥರದ ಉದ್ದ ಸರಪಳಿಯ ಕಾರ್ಬೋಹೈಡ್ರೇಟ್) ಪ್ರೊಲ್ಯಾಕ್ಟಿನ್ ಏರಿಸಬಹುದು ಅಂತಾರೆ, ಆದ್ರೆ ಅದೇ ನೆಪದಲ್ಲಿ ಬಿಯರ್ ಕುಡಿದ್ರೆ ಆಲ್ಕೋಹಾಲ್ ಆಕ್ಸಿಟೋಸಿನ್ನನ್ನೇ ತಡಿಯತ್ತೆ. ಬಾಯಾರಿಕೆಗಿಂತ ಜಾಸ್ತಿ ನೀರು ಕುಡಿದ್ರೂ ಹಾಲೇನೂ ಜಾಸ್ತಿ ಆಗಲ್ಲ.

ಮೆಂತ್ಯದ ವಿಷಯ ಸ್ವಲ್ಪ ವಿವರವಾಗಿ ಓದ್ಕೊಳ್ಳಿ, ನನಗೆ ತುಂಬಾ ಇಷ್ಟವಾದ ಭಾಗ ಇದು. ಇದರಲ್ಲಿ ಸೋಟೊಲಾನ್ ಅನ್ನೋ ವಾಸನೆಯ ಅಂಶ ಇದೆ, ತಾಯಿ ಜಾಸ್ತಿ ಮೆಂತ್ಯ ತಿಂದ್ರೆ ಅವಳ ಬೆವರಿಗೆ, ಮಗುವಿನ ಮೂತ್ರಕ್ಕೂ ಮೇಪಲ್ ಸಿರಪ್ ಥರ ಸಿಹಿ ವಾಸನೆ ಬರತ್ತೆ. ಮೇಪಲ್ ಸಿರಪ್ ಯೂರಿನ್ ಡಿಸೀಸ್ ಅಂತ ಒಂದು ಗಂಭೀರ ಮೆಟಬಾಲಿಕ್ ಕಾಯಿಲೆ (ಆಹಾರದ ಅಂಶಗಳನ್ನ ದೇಹ ಸರಿಯಾಗಿ ಒಡೆಯೋಕೆ ಆಗದ ಕಾಯಿಲೆ) ಇದೆ, ಅದರಲ್ಲೂ ಇದೇ ವಾಸನೆ, ಡಾಕ್ಟರಿಗೇ ಗೊಂದಲ ಆಗಬಹುದು, ಅದಕ್ಕೇ ತಾಯಿ ಏನು ತಿಂತಿದ್ದಾಳೆ ಅಂತ ಕೇಳಲೇಬೇಕು. ಮೆಂತ್ಯ ರಕ್ತದ ಸಕ್ಕರೆನೂ ಇಳಿಸತ್ತೆ, ಸಕ್ಕರೆ ಕಾಯಿಲೆ ಮಾತ್ರೆ ಅಥವಾ ವಾರ್ಫರಿನ್ (ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ಔಷಧಿ) ತಗೊಳ್ತಿರೋರು, ಕಡಲೆಕಾಯಿ ಅಲರ್ಜಿ ಇರೋರು ಹುಷಾರಾಗಿರಬೇಕು.

ಹಾಗಾದ್ರೆ ಆಹಾರದಿಂದ ಏನೂ ಉಪಯೋಗ ಇಲ್ವಾ? ಖಂಡಿತ ಇದೆ, ಅದು ಕಾಣೋದು ಹಾಲಿನ ಗುಣದಲ್ಲಿ. ಡಿಎಚ್‌ಎ (ಮೀನಲ್ಲಿರೋ ಒಂದು ಒಮೇಗಾ-3 ಕೊಬ್ಬು), ಅಯೋಡಿನ್, ವಿಟಮಿನ್ ಎ, ಬಿ12 ಇವು ತಾಯಿ ತಿಂದ ಹಾಗೆ ಹಾಲಲ್ಲಿ ಏರಿಳಿಯತ್ತೆ. ಹಾಗಾಗಿ ಮೀನು, ಮೊಟ್ಟೆ, ಅಯೋಡಿನ್ ಉಪ್ಪು, ಹಸಿರು ಸೊಪ್ಪು ಇವೇ ನಿಜವಾದ ಫಂಕ್ಷನಲ್ ಫುಡ್ (ಹೊಟ್ಟೆ ತುಂಬೋದ್ರ ಜೊತೆ ಆರೋಗ್ಯಕ್ಕೆ ಹೆಚ್ಚಿನ ಲಾಭ ಕೊಡೋ ಆಹಾರ) ಅಂತ ನನ್ನ ಅಭಿಪ್ರಾಯ. ಕ್ಯಾಲ್ಸಿಯಂ ಹಾಗಲ್ಲ, ತಾಯಿ ತಿನ್ನಲಿ ಬಿಡಲಿ ಹಾಲಲ್ಲಿ ಹೆಚ್ಚುಕಮ್ಮಿ ಅಷ್ಟೇ ಇರತ್ತೆ, ಅದರ ಒಂದು ಪಾಲು ತಾಯಿಯ ಮೂಳೆಯಿಂದ ಬರತ್ತೆ, ಹಾಲು ಬಿಡಿಸಿದ್ಮೇಲೆ ಮೂಳೆ ಮತ್ತೆ ತುಂಬ್ಕೊಳ್ಳತ್ತೆ. ತಾಯಿಗೆ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ಬೇಕು.

ಪರೀಕ್ಷೆಯ ಕೇಸ್ ಸ್ಟಡಿಯಲ್ಲಿ ತಾಯಿ "ಹಾಲು ಸಾಲ್ತಿಲ್ಲ" ಅಂದ್ರೆ ತಕ್ಷಣ ಮೆಂತ್ಯ ಅಂತ ಬರೀಬೇಡಿ. 5ನೇ ದಿನದ ನಂತರ ಮಗು ದಿನಕ್ಕೆ 6 ಸಲವಾದ್ರೂ ಉಚ್ಚೆ ಮಾಡ್ತಿದ್ಯಾ, 2 ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ವಾಪಸ್ ಬಂದಿದ್ಯಾ, ಬಾಯಿ ಅಗಲ ತೆರೆದು ತೊಟ್ಟಿನ ಸುತ್ತಲಿನ ಕಪ್ಪು ಭಾಗ ಸೇರಿಸಿ ಹಿಡಿದಿದ್ಯಾ ಅಥವಾ ತುದಿ ಮಾತ್ರ ಕಚ್ಕೊಂಡಿದ್ಯಾ, ಇದನ್ನೆಲ್ಲ ನೋಡಿದ್ಮೇಲೆ ಊಟದ ವಿಷಯಕ್ಕೆ ಬನ್ನಿ.